ಟ್ಯಾಂಜಿಯರ್ ಮಕ್ಕಳ ಕಿತ್ತಳೆ ಟಾನ್ಸಿಲ್

ಟ್ಯಾಂಜಿಯರ್, ಅಮೆರಿಕದ ವರ್ಜೀನಿಯಾ ರಾಜ್ಯಕ್ಕೆ ಸೇರಿದ ಪುಟ್ಟ ದ್ವೀಪ. ಏಡಿ ಹಿಡಿಯುವವರ ಊರು. 1960ರ ಸುಮಾರಿಗೆ ಅಲ್ಲಿನ ಐದು ವರ್ಷದ ಹುಡುಗನೊಬ್ಬನ ಟಾನ್ಸಿಲ್ ಊದಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅವನ ಸಹೋದರಿಗೂ ಹಾಗೆಯೇ. ವೈದ್ಯ ಡೊನಾಲ್ಡ್ ಫ್ರೆಡ್ರಿಕ್ಸನ್ ತಂಡ ಪರೀಕ್ಷಿಸಿದಾಗ ಟಾನ್ಸಿಲ್ ತುಂಬ ಕೊಲೆಸ್ಟರಾಲ್! ರಕ್ತದಲ್ಲಿ ಮಾತ್ರ ‘ಒಳ್ಳೆಯ ಕೊಲೆಸ್ಟರಾಲ್’ ಎನ್ನುವ ಎಚ್‌ಡಿಎಲ್ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ.

ಆ ಕೊಲೆಸ್ಟರಾಲ್ ತುಂಬಿಕೊಂಡಿದ್ದು ಮ್ಯಾಕ್ರೋಫೇಜ್‌ಗಳಲ್ಲಿ. ರೋಗಾಣು, ಸತ್ತ ಜೀವಕೋಶ ಎಲ್ಲವನ್ನೂ ನುಂಗಿ ಮೈಯನ್ನು ಚೊಕ್ಕಟವಾಗಿಡುವ ರಕ್ಷಕ ಕೋಶಗಳಿವು. ಹೃದಯದ ರಕ್ತನಾಳ ಕಟ್ಟಿಕೊಳ್ಳುವುದರಲ್ಲೂ ಇವುಗಳ ಕೈ ದೊಡ್ಡದು. ಕೊಬ್ಬು ಪೈಪಿನೊಳಗಿನ ಜಿಡ್ಡಿನಂತೆ ನಾಳದ ಒಳಮೈಗೆ ಮೆತ್ತಿಕೊಳ್ಳುತ್ತದೆ ಎಂದೇ ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ ಕೊಲೆಸ್ಟರಾಲ್ ಹೊತ್ತು ಸಾಗುವ, ‘ಕೆಟ್ಟ ಕೊಲೆಸ್ಟರಾಲ್’ ಎನ್ನುವ ಎಲ್‌ಡಿಎಲ್ ಕಣಗಳು ನಾಳದ ಗೋಡೆಯೊಳಕ್ಕೇ ನುಸುಳಿ, ಅಲ್ಲಿ ಸಿಕ್ಕಿಬಿದ್ದು ಕೆಡುತ್ತವೆ. ಕೆಟ್ಟದ್ದನ್ನು ತೆಗೆಯಲು ಮ್ಯಾಕ್ರೋಫೇಜ್‌ಗಳು ಬರುತ್ತವೆ.

ತೊಂದರೆ ಶುರುವಾಗುವುದೇ ಆಗ. ಸಾಮಾನ್ಯ ಜೀವಕೋಶ ತನಗೆ ಕೊಲೆಸ್ಟರಾಲ್ ಸಾಕಾದಾಗ ಎಲ್‌ಡಿಎಲ್ ಒಳಬಿಡುವುದನ್ನು ತಗ್ಗಿಸುತ್ತದೆ. ಮ್ಯಾಕ್ರೋಫೇಜ್ ಹಾಗಲ್ಲ, ಮಾರ್ಪಟ್ಟ ಎಲ್‌ಡಿಎಲ್ ಅನ್ನು ಅದು ಬೇರೆಯೇ ಬಾಗಿಲಿಂದ ಸೇರಿಸಿಕೊಳ್ಳುತ್ತದೆ, ಆ ಬಾಗಿಲಿಗೆ ಅಗುಳಿಯಿಲ್ಲ. ಇದನ್ನು 1979ರಲ್ಲಿ ಡಲ್ಲಾಸ್‌ನಲ್ಲಿ ತೋರಿಸಿಕೊಟ್ಟವರು ವಿಜ್ಞಾನಿಗಳಾದ ಗೋಲ್ಡ್‌ಸ್ಟೀನ್ ಮತ್ತು ಬ್ರೌನ್. ಮುಂದೆ ದೆಹಲಿಯ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಮ್ಯುನಾಲಜಿಯ ನಿರ್ದೇಶಕರಾದ ಸಂದೀಪ್ ಬಸು ಆ ತಂಡದಲ್ಲಿದ್ದರು ಎಂಬುದನ್ನು ನಾವು ನೆನೆಯುವುದು ಕಡಿಮೆ. ನುಂಗಿದ ಕೊಲೆಸ್ಟರಾಲಿನ ಉಂಗುರದ ಚೌಕಟ್ಟನ್ನು ಒಡೆದು ಮುಗಿಸುವ ಶಕ್ತಿ ನಮ್ಮ ಮೈಯ ಯಾವ ಕೋಶಕ್ಕೂ ಇಲ್ಲ. ಹನಿಹನಿಯಾಗಿ ಒಳಗೇ ಕೂಡಿಡಬೇಕು, ಇಲ್ಲವೇ ಹೊರಗೆ ದಾಟಿಸಬೇಕು. ಕೂಡಿಟ್ಟು ಕೂಡಿಟ್ಟು ಸೂಕ್ಷ್ಮದರ್ಶಕದಲ್ಲಿ ನೊರೆನೊರೆಯಾಗಿ ಕಾಣುವವೇ ಫೋಮ್ ಕೋಶಗಳು.

ದಾಟಿಸುವ ದಾರಿ ತಿಳಿದದ್ದು 1999ರಲ್ಲಿ, ಆ ದ್ವೀಪದ ಹೆಸರನ್ನೇ ಪಡೆದ ಟ್ಯಾಂಜಿಯರ್ ಕಾಯಿಲೆಯ ಜೀನ್ ಸಿಕ್ಕಾಗ. ಎಬಿಸಿಎ1 ಎಂಬ ಪ್ರೋಟೀನ್ ಕೊಲೆಸ್ಟರಾಲನ್ನು ಕೋಶದಿಂದ ಹೊರದೂಡುತ್ತದೆ. ಎಚ್‌ಡಿಎಲ್ ಅದನ್ನು ಲಿವರಿಗೆ ಒಯ್ಯುತ್ತದೆ. ದ್ವೀಪದ ಮಕ್ಕಳಲ್ಲಿ ಕೆಟ್ಟಿದ್ದು ಈ ಪ್ರೋಟೀನೇ.

ಹಾಗಾದರೆ ಎಚ್‌ಡಿಎಲ್ ಏರಿಸಿದರೆ ಆಯಿತಲ್ಲ? ಟಾರ್ಸೆಟ್ರಾಪಿಬ್ ಎಂಬ ಔಷಧ ಏರಿಸಿತು. ಸಾವುಗಳು ಹೆಚ್ಚಿದ್ದರಿಂದ 2006ರಲ್ಲಿ ಅದರ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ರಿಪೋರ್ಟಿನಲ್ಲಿ ಎಚ್‌ಡಿಎಲ್ ಚೆನ್ನಾಗಿದೆಯೆಂದು ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬಿಟ್ಟುಬಿಡುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ಗೋಡೆಗೆ ನುಗ್ಗುವ ಎಲ್‌ಡಿಎಲ್ ಇಳಿಸುವುದಕ್ಕೆ ಬದಲಿ ಇಲ್ಲ.

ಫೋಮ್ ಕೋಶಗಳ ಹೊರೆ ಮಿತಿಮೀರಿದಾಗ ಕೊಲೆಸ್ಟರಾಲ್ ಹರಳುಗಟ್ಟುತ್ತದೆ. ಆ ಹರಳು ಮ್ಯಾಕ್ರೋಫೇಜ್‌ನೊಳಗೆ ಉರಿಯೂತ ಎಬ್ಬಿಸುತ್ತದೆಂದು 2010ರಲ್ಲಿ ಗೊತ್ತಾಯಿತು. ಕೀಲುಗಳನ್ನು ಕಾಡುವ ಗೌಟ್‌ನಲ್ಲಿ ಯೂರಿಕ್ ಆಮ್ಲದ ಹರಳು ಕೆರಳಿಸುವುದೂ ಅದೇ ಉರಿಯೂತದ ವ್ಯವಸ್ಥೆಯನ್ನು. ಗೌಟ್‌ನ ಹಳೆಯ ಔಷಧ ಕಾಲ್ಚಿಸಿನ್ ಅನ್ನು ಕಡಿಮೆ ಪ್ರಮಾಣದಲ್ಲಿ ಹೃದ್ರೋಗಿಗಳಿಗೆ ಕೊಡಲು 2023ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿತು. ಮೂತ್ರಪಿಂಡ ಸೋತವರಿಗೆ ಅದು ವಿಷವಾಗಬಲ್ಲದು, ಆದ್ದರಿಂದ ವೈದ್ಯರು ಬರೆದುಕೊಟ್ಟರೆ ಮಾತ್ರ.