ಒಂಬತ್ತು ಹೊಡೆದಾಗ ನೀರು ಯಾರದು?

ಒಂದು ವಸ್ತುವಿನ ಬೆಲೆಯನ್ನು ಗಣಕಯಂತ್ರದಲ್ಲಿ ಬರೆದಿಡುವುದು ಸುಲಭ. ಅದು ಒಂದೇ ಸಂಖ್ಯೆ. 'ಇಷ್ಟರಿಂದ ಇಷ್ಟರವರೆಗೆ' ಎಂಬ ಮಾತು ಬಂದೊಡನೆ ತೊಡಕು ಆರಂಭವಾಗುತ್ತದೆ. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ವಿದ್ವಾಂಸರು, ಮಾಹಿತಿಯನ್ನೆಲ್ಲ ಸಾಲು ಅಂಕಣಗಳ ಕೋಷ್ಟಕಗಳಲ್ಲಿಡುವ ಸಂಬಂಧಾತ್ಮಕ ಪದ್ಧತಿಯನ್ನು ಪ್ರಕಟಿಸಿದರು. ಇಂತಹ ಕೋಷ್ಟಕಗಳ ಭಂಡಾರವೇ ರಿಲೇಷನಲ್ ಡೇಟಾಬೇಸು. ಅದರಲ್ಲಿ ಅವಧಿಯನ್ನು ಬರೆಯಲು 'ಮೊದಲು', 'ಕೊನೆ' ಎಂದು ಎರಡು ಅಂಕಣಗಳನ್ನಿಡುವುದು ವಾಡಿಕೆ.

ಕಾಲುವೆ ನೀರಿನ ಸರದಿಯನ್ನೇ ತೆಗೆದುಕೊಳ್ಳೋಣ. ಒಬ್ಬ ರೈತನಿಗೆ 6ರಿಂದ 9 ಗಂಟೆ, ಪಕ್ಕದವನಿಗೆ 9ರಿಂದ 12. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ, ಈ ವಿಷಯವನ್ನು ತಂದೆಯವರಿಗೆ ವಿವರಿಸಿದಾಗ ಅವರು ಕೇಳಿದ್ದು ಒಂದೇ ಮಾತು: "ಒಂಬತ್ತು ಹೊಡೆದಾಗ ನೀರು ಯಾರದು?" ಇಡೀ ವಿಷಯದ ತಿರುಳೇ ಈ ಪ್ರಶ್ನೆ! ಒಂಬತ್ತು ಇಬ್ಬರಿಗೂ ಸೇರಿದರೆ ಜಗಳ. 8-59ಕ್ಕೇ ನಿಲ್ಲಿಸಿದರೆ ಆ ಒಂದು ನಿಮಿಷ ಯಾರಿಗೂ ಇಲ್ಲ. ಆದುದರಿಂದ ಮೊದಲ ಎಲ್ಲೆಯನ್ನು ಒಳಗೂ ಕೊನೆಯ ಎಲ್ಲೆಯನ್ನು ಹೊರಗೂ ಇಡುವುದು ಉತ್ತಮ. ಆಗ ಒಂಬತ್ತು ಎರಡನೆಯವನದು. 50ರಿಂದ 59 ದ್ವಿತೀಯ ದರ್ಜೆ, 60ರಿಂದ ಪ್ರಥಮ ದರ್ಜೆ ಎಂದು ಬರೆದಿಟ್ಟ ಕೋಷ್ಟಕದಲ್ಲಿ ಶೇಕಡಾ 59.5 ಪಡೆದ ಬಡಪಾಯಿ ಯಾವ ದರ್ಜೆಗೂ ಸೇರನು. '60ಕ್ಕಿಂತ ಕಡಮೆ' ಎಂದಿದ್ದರೆ ಅವನಿಗೆ ಈ ಪಾಡಿಲ್ಲ.

ಎರಡು ಸರದಿಗಳು ಒಂದರ ಮೇಲೊಂದು ಬಿದ್ದಿವೆಯೇ ಎಂದು ತಿಳಿಯುವುದು ಹೇಗೆ? ಒಂದೊಂದರ ಆರಂಭವೂ ಇನ್ನೊಂದರ ಕೊನೆಗಿಂತ ಮುಂಚೆ ಇದ್ದರೆ ಅವು ಬಿದ್ದಿವೆ ಎಂದೇ ಅರ್ಥ. 8ರಿಂದ 10 ಎಂದು ಮೂರನೆಯವನು ಬಂದರೆ ಅವನ ಸರದಿ ಇಬ್ಬರದಕ್ಕೂ ತಾಗುತ್ತದೆ. ಮೊದಲಿನ ಇಬ್ಬರದು ಪರಸ್ಪರ ತಾಗುವುದಿಲ್ಲ, ಏಕೆಂದರೆ 9 ಎಂಬುದು 9ಕ್ಕಿಂತ ಮುಂಚೆ ಅಲ್ಲವಷ್ಟೆ.

ಸೂತ್ರವೊಂದೇ ಸಾಲದು. ಇಬ್ಬರು ಗುಮಾಸ್ತರು ಒಂದೇ ಕ್ಷಣದಲ್ಲಿ ಪರೀಕ್ಷಿಸಿದರೆ ಇಬ್ಬರಿಗೂ ಸ್ಥಳ ಖಾಲಿಯಾಗಿಯೇ ಕಾಣುತ್ತದೆ, ಇಬ್ಬರೂ ಬರೆದುಬಿಡುತ್ತಾರೆ! ಕಾವಲು ಡೇಟಾಬೇಸಿನೊಳಗೇ ಇರಬೇಕು. 'ಒಂದೇ ಬೆಲೆ ಎರಡು ಸಲ ಬರಕೂಡದು' ಎಂಬ ಹಳೆಯ ನಿಯಮ ಸಮನಾದುದನ್ನು ಮಾತ್ರ ಹಿಡಿಯುತ್ತದೆ, ತಾಗುವುದನ್ನು ಹಿಡಿಯದು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸು 2010ರಲ್ಲಿ, ತಾಗುವ ಸಾಲುಗಳನ್ನೇ ನಿರಾಕರಿಸುವ ನಿಯಮವನ್ನು ತಂದಿತು. 2012ರಲ್ಲಿ, ಇಡೀ ಅವಧಿಯನ್ನು ಎಲ್ಲೆಗಳ ಸಮೇತ ಒಂದೇ ಅಂಕಣದಲ್ಲಿಡುವ 'ರೇಂಜ್' ಜಾತಿಯನ್ನೂ ಕೊಟ್ಟಿತು. 'ಒಂದೇ ತೂಬು, ತಾಗುವ ಹೊತ್ತು' ಆದರೆ ಎರಡನೆಯ ಗುಮಾಸ್ತನ ಬರಹ ತಿರಸ್ಕೃತವಾಗುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಆ ತೂಬಿನ ಸಾಲಿಗೆ ಬೀಗ ಹಾಕಿ, ಪರೀಕ್ಷಿಸಿ, ಅನಂತರ ಬರೆಯಬೇಕು.

ಕೊನೆಯೇ ಗೊತ್ತಿಲ್ಲದ ಅವಧಿಗಳೂ ಉಂಟು. ರೇಂಜ್ ಜಾತಿಯಲ್ಲಿ ಕೊನೆಯನ್ನು ಖಾಲಿ ಬಿಟ್ಟರೆ ಅನಂತವೆಂದು ಅರ್ಥ. ಎರಡು ಅಂಕಣಗಳ ಪದ್ಧತಿಯಲ್ಲಿ ಖಾಲಿಯೊಡನೆ ಮಾಡಿದ ಹೋಲಿಕೆ ನಿಜವೂ ಆಗದು, ಸುಳ್ಳೂ ಆಗದು. ತಾಕಲಾಟ ಕಣ್ತಪ್ಪಿ ಹೋಗುತ್ತದೆ. ಅದಕ್ಕೇ ಕೆಲವರು ಅಲ್ಲಿ 9999ನೆಯ ಇಸವಿಯ ಡಿಸೆಂಬರ್ 31 ಎಂದು ಬರೆದು ನಿಶ್ಚಿಂತರಾಗುತ್ತಾರೆ.