ರಸ್ತೆ ಅಪಘಾತದಲ್ಲಿ ಮೂಳೆ ಮುರಿತಕ್ಕೊಳಗಾದವರು ಪರಿಹಾರ ಪಡೆಯುವ ಬಗ್ಗೆ

ರಸ್ತೆ ಅಪಘಾತದಲ್ಲಿ ಕೈ, ಕಾಲು, ಸೊಂಟ ಅಥವಾ ಬೆನ್ನುಮೂಳೆ ಮುರಿದ ಗಾಯಾಳುಗಳು ಮೋಟಾರು ವಾಹನಗಳ ಅಧಿನಿಯಮ, 1988ರ ಅಡಿಯಲ್ಲಿ ಪರಿಹಾರ ಕೋರಲು ಅನುಸರಿಸಬೇಕಾದ ಕ್ರಮವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ. ಮೂಳೆ ಮುರಿತವು ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 116ರಂತೆ ತೀವ್ರ ಗಾಯವಾಗಿರುತ್ತದೆ. ಆದರೆ ಇಂತಹ ಮೂಳೆಗೆ ಇಷ್ಟು ಹಣ ಎಂಬ ದರಪಟ್ಟಿ ಕಾನೂನಿನಲ್ಲಿ ಇರುವುದಿಲ್ಲ. ಮುರಿತದಿಂದ ಗಾಯಾಳುವಿನ ದುಡಿಮೆಗೆ ಉಂಟಾದ ನಷ್ಟವೆಷ್ಟು ಎಂಬುದನ್ನು ದಾಖಲೆಗಳ ಮೂಲಕ ರುಜುವಾತುಪಡಿಸಬೇಕಾಗುತ್ತದೆ.

ಆಸ್ಪತ್ರೆಯಲ್ಲಿ ನೀಡುವ ಮೊದಲ ಹೇಳಿಕೆ

ಅರ್ಜಿಯ ಬುನಾದಿ ಆಸ್ಪತ್ರೆಯ ಎಂ.ಎಲ್.ಸಿ. ವಹಿಯಲ್ಲಿರುತ್ತದೆ. ಡಿಕ್ಕಿ ಹೊಡೆದ ವಾಹನದ ಮಾಲೀಕರು ಚಿಕಿತ್ಸೆಯ ವೆಚ್ಚವನ್ನು ತಾವೇ ಭರಿಸುವುದಾಗಿ ಒಪ್ಪಿಸಿ, "ತಾನಾಗಿಯೇ ಬಿದ್ದೆ" ಎಂದು ಗಾಯಾಳುವಿನಿಂದ ಹೇಳಿಸುವುದುಂಟು. ಶಸ್ತ್ರಚಿಕಿತ್ಸೆಯ ಎರಡನೆಯ ಬಿಲ್ಲು ಬರುವ ವೇಳೆಗೆ ಆ ಮಾತು ನಿಲ್ಲದೇ ಹೋಗಬಹುದು. ವಹಿಯಲ್ಲಿನ ಬರಹ ಮಾತ್ರ ಉಳಿಯುತ್ತದೆ. ವಿಮಾ ಕಂಪನಿಯ ವಕೀಲರು ವಿಚಾರಣೆಯ ದಿನ ಮೊದಲು ತೆಗೆಯುವುದು ಅದೇ ಪುಟವನ್ನು. ಆದುದರಿಂದ ಅಪಘಾತದ ಸ್ಥಳ, ಸಮಯ ಮತ್ತು ವಾಹನದ ಸಂಖ್ಯೆಯನ್ನು ಇದ್ದುದು ಇದ್ದಂತೆಯೇ ಬರೆಸತಕ್ಕದ್ದು. ಪೊಲೀಸ್ ಠಾಣೆಗೆ ದೂರು ನೀಡಲು ವಿಳಂಬವಾದಲ್ಲಿ ಅದರ ಕಾರಣವನ್ನು ದೂರಿನಲ್ಲಿಯೇ ನಮೂದಿಸುವುದು ಒಳಿತು.

ಪ್ರಥಮ ವರ್ತಮಾನ ವರದಿ, ಗಾಯ ಪ್ರಮಾಣಪತ್ರ, ಬಿಡುಗಡೆ ಸಾರಾಂಶ, ಎಲ್ಲಾ ಎಕ್ಸ್-ರೇ ಫಿಲಂಗಳು, ಔಷಧ ಹಾಗೂ ಪ್ರಯಾಣದ ರಸೀದಿಗಳು, ವರಮಾನದ ಪುರಾವೆ ಇವುಗಳನ್ನು ಜೋಪಾನವಾಗಿ ಇರಿಸಿಕೊಳ್ಳಬೇಕು. ದಿನಗೂಲಿಯವರಲ್ಲಿ ಸಂಬಳದ ಚೀಟಿ ಇಲ್ಲದಿದ್ದರೆ ಬ್ಯಾಂಕ್ ಪಾಸ್‌ಬುಕ್, ಕೆಲಸ ಕೊಟ್ಟವರ ಸಾಕ್ಷ್ಯವೂ ಉಪಯೋಗಕ್ಕೆ ಬರುತ್ತದೆ.

ಅಪಘಾತಕ್ಕೊಳಗಾದವರಿಗೆ ಮೊದಲ ಏಳು ದಿನಗಳವರೆಗೆ, ರೂ. 1.5 ಲಕ್ಷದ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಒದಗಿಸುವ ಯೋಜನೆಯನ್ನು ಕೇಂದ್ರ ಸರ್ಕಾರವು 2025ರ ಮೇ ತಿಂಗಳಲ್ಲಿ ಅಧಿಸೂಚಿಸಿದೆ.

ಅರ್ಜಿಯನ್ನು ಎಲ್ಲಿ, ಯಾವಾಗ ಸಲ್ಲಿಸಬೇಕು

ಕಲಂ 166ರಡಿ ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸತಕ್ಕದ್ದು. ಬೆಂಗಳೂರು ನಗರದಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವು ಈ ನ್ಯಾಯಮಂಡಳಿಯಾಗಿ ಕಾರ್ಯನಿರ್ವಹಿಸುತ್ತದೆ. ಅಪಘಾತ ದೂರದ ಊರಿನಲ್ಲಿ ನಡೆದಿದ್ದರೂ ಅರ್ಜಿದಾರರು ತಾವು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದು. ಊರುಗೋಲಿನ ಮೇಲೆ ನಡೆಯುವವರಿಗೆ ಇದು ಸಣ್ಣ ಅನುಕೂಲವೇನಲ್ಲ.

2019ರ ತಿದ್ದುಪಡಿಯ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ಉಪಬಂಧವು ದಿನಾಂಕ 1-4-2022ರಿಂದ ಜಾರಿಗೆ ಬಂದಿದೆ. ಇದನ್ನು ಪ್ರಶ್ನಿಸಿದ ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್‌ನಲ್ಲಿ, ವಿಳಂಬದ ಕಾರಣವೊಂದರಿಂದಲೇ ಅರ್ಜಿಗಳನ್ನು ವಜಾ ಮಾಡಬಾರದೆಂದು ಮಧ್ಯಂತರ ಆದೇಶ ನೀಡಿದೆ. ಅದು ಅಂತಿಮ ತೀರ್ಪಲ್ಲವಾದ್ದರಿಂದ ಅದನ್ನು ನಂಬಿ ತಡಮಾಡುವುದು ಸೂಕ್ತವಲ್ಲ. ಮೂಳೆ ಕೂಡಿದ ನಂತರವೇ ಅರ್ಜಿ ಹಾಕಬೇಕೆಂಬ ನಿಯಮವೇನೂ ಇಲ್ಲ. ಅರ್ಜಿಯನ್ನು ಮೊದಲೇ ಸಲ್ಲಿಸಿ, ಅಂಗವೈಕಲ್ಯದ ಸಾಕ್ಷ್ಯವನ್ನು ವಿಚಾರಣೆಯ ಹಂತದಲ್ಲಿ ಹಾಜರುಪಡಿಸಬಹುದು.

ಪರಿಹಾರದ ಲೆಕ್ಕ

ಚಿಕಿತ್ಸಾ ವೆಚ್ಚ, ಮಲಗಿದ್ದ ತಿಂಗಳುಗಳ ವರಮಾನ, ನೋವು, ಮುಂದೆ ಸರಳು ತೆಗೆಸಲು ತಗಲುವ ಖರ್ಚು ಇತ್ಯಾದಿಗಳನ್ನು ಬೇರೆ ಬೇರೆಯಾಗಿ ಲೆಕ್ಕಿಸಲಾಗುತ್ತದೆ. ದೊಡ್ಡ ಮೊತ್ತವಿರುವುದು ಭವಿಷ್ಯದ ದುಡಿಮೆಯ ನಷ್ಟದಲ್ಲಿ. ಸರ್ವೋಚ್ಚ ನ್ಯಾಯಾಲಯವು ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ (2010) ವೈದ್ಯರು ಹೇಳುವ ಅಂಗವೈಕಲ್ಯದ ಶೇಕಡಾವಾರು ಬೇರೆ, ದುಡಿಮೆಯ ಶಕ್ತಿಯ ನಷ್ಟ ಬೇರೆ ಎಂದು ಸ್ಪಷ್ಟಪಡಿಸಿತು. ಎಡಗೈ ಕಳೆದುಕೊಂಡ ಬಡಗಿಯ ನಷ್ಟವೂ ಗುಮಾಸ್ತನ ನಷ್ಟವೂ ಒಂದೇ ಅಲ್ಲ.

ಉದಾಹರಣೆಗೆ, 34 ವರ್ಷದ ಗಾರೆ ಕೆಲಸದವರೊಬ್ಬರ ಮೊಣಕಾಲ ಕೆಳಗಿನ ಮೂಳೆ ಮುರಿದಿದೆ. ತಿಂಗಳ ವರಮಾನ ರೂ. 15,000 ಎಂದು ಭಾವಿಸೋಣ. ಸರಳಾ ವರ್ಮಾ ತೀರ್ಪಿನ (2009) ಪ್ರಕಾರ 31ರಿಂದ 35 ವಯಸ್ಸಿಗೆ ಗುಣಕ 16. ವಾರ್ಷಿಕ ವರಮಾನ ರೂ. 1,80,000ವನ್ನು 16ರಿಂದ ಗುಣಿಸಿದರೆ ರೂ. 28,80,000 ಆಗುತ್ತದೆ. ಕಾಲಿನ ವೈಕಲ್ಯ ಶೇ. 36 ಎಂದಿದ್ದು, ಸಾಮಾನ್ಯವಾಗಿ ಮಾಡುವಂತೆ ಅದರ ಮೂರನೆಯ ಒಂದು ಭಾಗವನ್ನು, ಅಂದರೆ ಶೇ. 12ನ್ನು ಇಡೀ ದೇಹಕ್ಕೆ ಹಿಡಿದರೆ ಮೊತ್ತ ರೂ. 3,45,600. ಆದರೆ ಸಾರುವೆ ಏರಲು, ಭಾರ ಹೊರಲು ಇನ್ನು ಸಾಧ್ಯವಿಲ್ಲವೆಂಬುದು ಸಾಕ್ಷ್ಯದಿಂದ ಸಾಬೀತಾಗಿ, ನ್ಯಾಯಮಂಡಳಿಯು ನಷ್ಟವನ್ನು ಶೇ. 25 ಎಂದು ನಿರ್ಣಯಿಸಿದರೆ ಅದು ರೂ. 7,20,000 ಆಗುತ್ತದೆ. (ಭವಿಷ್ಯದ ವರಮಾನ ವೃದ್ಧಿಯನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.) ಕಾಲು ಅದೇ, ಎಕ್ಸ್-ರೇ ಅದೇ, ವ್ಯತ್ಯಾಸವಿರುವುದು ತನ್ನ ಕೆಲಸ ಎಂತಹುದು ಎಂಬುದನ್ನು ಅರ್ಜಿದಾರರು ತಿಳಿಸಿದ್ದಾರೆಯೇ ಎಂಬುದರಲ್ಲಿ. ಚಿಕಿತ್ಸೆ ನೀಡಿದ ವೈದ್ಯರೇ ಸಾಕ್ಷ್ಯ ನುಡಿದರೆ ತೂಕ ಹೆಚ್ಚು. ಹಣ ತೆತ್ತು ತಂದ ಪ್ರಮಾಣಪತ್ರವು ಪಾಟೀಸವಾಲಿನಲ್ಲಿ ನಿಲ್ಲುವುದು ಕಷ್ಟ.

ರಾಜಿಗೆ ಸಹಿ ಹಾಕುವ ಮುನ್ನ

ಕಲಂ 164ರಡಿ ತೀವ್ರ ಗಾಯಕ್ಕೆ, ಚಾಲಕನ ತಪ್ಪನ್ನು ರುಜುವಾತುಪಡಿಸುವ ಅಗತ್ಯವಿಲ್ಲದೆಯೇ ರೂ. 2.5 ಲಕ್ಷ ದೊರೆಯುತ್ತದೆ. ವಿಮಾ ಕಂಪನಿಯೊಂದಿಗಿನ ಇತ್ಯರ್ಥದ ಮೂಲಕ ಇದನ್ನು ಸ್ವೀಕರಿಸಿದಲ್ಲಿ ಕಲಂ 166ರ ಅರ್ಜಿಯು ರದ್ದಾಗುತ್ತದೆ. ಲೋಕ ಅದಾಲತ್‌ನಲ್ಲಿ ಆದ ರಾಜಿಯ ವಿರುದ್ಧವೂ ಮೇಲ್ಮನವಿಗೆ ಅವಕಾಶವಿಲ್ಲ. ಚಿಕ್ಕ ಮುರಿತವಾಗಿ ಪೂರ್ಣ ಗುಣವಾದವರಿಗೆ ಈ ದಾರಿಗಳು ಅನುಕೂಲಕರ. ಆದರೆ ಮೂಳೆ ಇನ್ನೂ ಕೂಡದಿರುವಾಗ, ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗುವುದೋ ಇಲ್ಲವೋ ತಿಳಿಯದಿರುವಾಗ ಸಹಿ ಮಾಡಿದವರು ನಂತರದ ವೆಚ್ಚವನ್ನು ತಾವೇ ಭರಿಸಬೇಕಾಗುತ್ತದೆ. ಸಹಿಗೆ ಮುನ್ನ ವೈದ್ಯರನ್ನು ವಿಚಾರಿಸತಕ್ಕದ್ದು.

ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದಲ್ಲಿ ತೀವ್ರ ಗಾಯಕ್ಕೆ ರೂ. 50,000 ಪರಿಹಾರವಿದ್ದು, ಅದಕ್ಕೆ ಅಪಘಾತ ನಡೆದ ಪ್ರದೇಶದ ಕ್ಲೇಮು ವಿಚಾರಣಾಧಿಕಾರಿಗೆ (ತಹಶೀಲ್ದಾರರು ಅಥವಾ ಉಪವಿಭಾಗಾಧಿಕಾರಿ) ಅರ್ಜಿ ಸಲ್ಲಿಸಬೇಕು.

ವಕೀಲರನ್ನು ನೇಮಿಸಿಕೊಳ್ಳಲು ಶಕ್ತಿಯಿಲ್ಲದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಸಂಪರ್ಕಿಸಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಅಂಗವಿಕಲರು ವರಮಾನದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಸಹಾಯವಾಣಿ ಸಂಖ್ಯೆ: 15100.