ಆಫ್ರಿಕಾದಿಂದ ಬಂದ ಜ್ವರ ಎದೆಗಿಳಿದಾಗ

ಗಿಡಮೂಲಿಕೆ ಎಣ್ಣೆ ಮಾರಲು ಹಕ್ಕಿಪಿಕ್ಕಿ ಜನ ಆಫ್ರಿಕಾದವರೆಗೂ ಹೋಗಿಬರುತ್ತಾರೆ ಎಂಬುದು, 2023ರಲ್ಲಿ ಸುಡಾನಿನ ಯುದ್ಧದಲ್ಲಿ ಅವರು ಸಿಕ್ಕಿಬಿದ್ದಾಗ ನಾಡಿಗೆಲ್ಲ ಗೊತ್ತಾಯಿತು. ಕಂಪನಿ ಕೆಲಸಕ್ಕೆ ಅಲ್ಲಿಗೆ ಹೋಗುವ ಕನ್ನಡಿಗರೂ ಇದ್ದಾರೆ. ಅಂಥವರೊಬ್ಬರಿಗೆ ಊರಿಗೆ ಮರಳಿದ ಎರಡನೇ ವಾರ ಜ್ವರ, ಮೈಕೈ ನೋವು, ಒಣಕೆಮ್ಮು ಕಾಣಿಸಿತೆನ್ನಿ. ಫ್ಲೂ ಇರಬೇಕೆಂದು ಪ್ಯಾರಾಸಿಟಮಾಲ್ ಕೊಟ್ಟು ಕಳಿಸುವುದು ಸುಲಭ. ಆದರೆ ಆಫ್ರಿಕಾದಲ್ಲಿ ಹೆಚ್ಚಾಗಿರುವ ಫಾಲ್ಸಿಪ್ಯಾರಂ ಮಲೇರಿಯಾ ಶುರುವಾಗುವುದೂ ಹೀಗೆಯೇ. ದಿನ ಬಿಟ್ಟು ದಿನ ಚಳಿ ನಡುಕ ಬರಲಿ ಎಂದು ಕಾಯುತ್ತ ಕೂತರೆ ಪರಿಸ್ಥಿತಿ ಕೈಮೀರಬಹುದು. ಎಕ್ಸ್‌ರೇಗೂ ಮೊದಲು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಬೇಕು, ಅದೇ ದಿನ ರಕ್ತಪರೀಕ್ಷೆ ಆಗಬೇಕು. ಪರೀಕ್ಷೆ ನೆಗೆಟಿವ್ ಬಂತಲ್ಲ ಎನ್ನಬಹುದು. ಒಂದು ನೆಗೆಟಿವ್ ಸಾಲದು. ಅನುಮಾನ ಉಳಿದಿದ್ದರೆ 12ರಿಂದ 24 ಗಂಟೆಗೊಮ್ಮೆ, ಮೂರು ಸಲವಾದರೂ ನೋಡಬೇಕು. ಹಿಂದೆ ಮಲೇರಿಯಾ ಬಂದುಹೋಗಿದೆ, ಇನ್ನು ಬಾರದು ಎಂಬ ಧೈರ್ಯವೂ ಹುಸಿ.

ಫಾಲ್ಸಿಪ್ಯಾರಂ ರೋಗಾಣು ಹೊಕ್ಕ ಕೆಂಪು ರಕ್ತಕಣಗಳು ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಳ್ಳುತ್ತವೆ. ಉರಿಯೂತದಿಂದ ಶ್ವಾಸಕೋಶದ ನಾಳಗಳು ಸೋರತೊಡಗಿ ಗಾಳಿಚೀಲಗಳಲ್ಲಿ ನೀರು ತುಂಬುತ್ತದೆ. ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರು, ಆಮ್ಲಜನಕದ ಮಟ್ಟ ಶೇ. 92ಕ್ಕಿಂತ ಕಡಿಮೆ ಇದ್ದರೆ ಅದು ತೀವ್ರ ಸ್ಥಿತಿ. ಮೋಸ ಮಾಡುವ ಸಂಗತಿಯೆಂದರೆ, ಔಷಧ ಕೊಟ್ಟು ರಕ್ತದಲ್ಲಿ ರೋಗಾಣು ಇಳಿಮುಖವಾಗಿ, ಮನೆಯವರು ನಿಟ್ಟುಸಿರು ಬಿಟ್ಟ ಮೇಲೂ ಶ್ವಾಸಕೋಶದ ಈ ತೊಂದರೆ ಎರಗಬಹುದು. ಹಾಗಾಗಿ ಜ್ವರದ ಚಾರ್ಟಿನಷ್ಟೇ ನಿಷ್ಠೆಯಿಂದ ಉಸಿರನ್ನೂ ಎಣಿಸುತ್ತಿರಬೇಕು.

ಔಷಧದ ಬಗ್ಗೆ ಈಗ ವಾದವಿಲ್ಲ. 2005ರಲ್ಲಿ ಪ್ರಕಟವಾದ, ಭಾರತವೂ ಸೇರಿ ಏಷ್ಯಾದ ನಾಲ್ಕು ದೇಶಗಳ ಅಧ್ಯಯನದಲ್ಲಿ ಕ್ವಿನೈನ್ ಪಡೆದವರಲ್ಲಿ ಶೇ. 22 ಮಂದಿ ಸತ್ತರೆ, ಆರ್ಟಿಸುನೇಟ್ ಪಡೆದವರಲ್ಲಿ ಸತ್ತವರು ಶೇ. 15. ಆರ್ಟಿಸುನೇಟ್ ಇಂಜೆಕ್ಷನ್ನನ್ನು ಮೊದಲು, 12ನೇ ಗಂಟೆಗೆ, 24ನೇ ಗಂಟೆಗೆ, ಆಮೇಲೆ ದಿನಕ್ಕೊಮ್ಮೆ ನರಕ್ಕೆ ಕೊಟ್ಟು, ನಂತರ ಮಾತ್ರೆಗಳ ಪೂರ್ಣ ಕೋರ್ಸ್ ಮುಗಿಸುತ್ತಾರೆ. ವಾದ ಇರುವುದು ಡ್ರಿಪ್ ಬಗ್ಗೆ. ಸುಸ್ತಾದವರಿಗೆ ಒಂದೆರಡು ಬಾಟಲಿ ಗ್ಲೂಕೋಸ್ ಹಾಕಿಸಿ ಎನ್ನುವುದು ನಮ್ಮಲ್ಲಿ ಮಾಮೂಲು. ಆದರೆ ಸೋರುವ ನಾಳಕ್ಕೆ ಸುರಿದ ನೀರು ಕೊನೆಗೆ ಸೇರುವುದು ಶ್ವಾಸಕೋಶವನ್ನೇ. 2011ರ ಪೂರ್ವ ಆಫ್ರಿಕಾದ ಅಧ್ಯಯನವೊಂದರಲ್ಲಿ, ತೀವ್ರ ಜ್ವರದ ಮಕ್ಕಳಿಗೆ ರಭಸವಾಗಿ ಡ್ರಿಪ್ ಕೊಟ್ಟಾಗ ಸಾವು ಇಳಿಯುವ ಬದಲು ಏರಿತು. ಆ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಮಲೇರಿಯಾ ಇತ್ತು. ಅವರು ಮಕ್ಕಳು, ಅಲ್ಲಿ ಐಸಿಯು ಇರಲಿಲ್ಲ, ಮೂತ್ರಪಿಂಡ ಸೋತವರಿಗೆ ನೀರು ಬೇಡವೇ ಎಂಬ ಆಕ್ಷೇಪ ನ್ಯಾಯವೇ. ಬೇಕು. ಆದರೆ ಮೂತ್ರದ ಪ್ರಮಾಣ, ಬಿ.ಪಿ., ಉಸಿರು ನೋಡುತ್ತ ಅಳೆದು ಕೊಡಬೇಕು. ಶ್ವಾಸಕೋಶ ತುಂಬಿದ್ದರೆ ಆಮ್ಲಜನಕ, ಮುಂದುವರಿದರೆ ವೆಂಟಿಲೇಟರ್. ವೆಂಟಿಲೇಟರ್ ಇಲ್ಲದ ಊರಿನಲ್ಲಿ ಆರ್ಟಿಸುನೇಟಿನ ಮೊದಲ ಡೋಸ್ ಹಾಕಿಯೇ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಡಿಸ್‌ಚಾರ್ಜ್ ಆದ ನಂತರವೂ ನಾಲ್ಕು ವಾರ ಹಿಮೋಗ್ಲೋಬಿನ್ ನೋಡಿಸುತ್ತಿರಬೇಕು. ಆರ್ಟಿಸುನೇಟ್ ಪಡೆದ ಕೆಲವರಲ್ಲಿ ಒಂದೆರಡು ವಾರ ಬಿಟ್ಟು ಕೆಂಪುಕಣಗಳು ಒಡೆದು ರಕ್ತಹೀನತೆ ಬರುತ್ತದೆ.